ಅಂಕಿ ಓದುವವಳು

ಕಾಮಾಕ್ಷಿಪಾಳ್ಯದ ಒಂಬತ್ತು ಅಡ್ಡರಸ್ತೆಗಳಲ್ಲಿ
ಯಾರ ಮನೆಯ ಫ್ರಿಜ್ಜು ಕೆಟ್ಟಿದೆ, ಯಾವ ಶೆಡ್ಡು ಬಾಗಿಲು ಹಾಕಿದೆ,
ಯಾರು ರಾತ್ರಿ ಪಾಳಿ ಶುರು ಮಾಡಿದ್ದಾರೆ
ಎಲ್ಲ ನನಗೆ ಗೊತ್ತು.
ಯಾರನ್ನೂ ಕೇಳಿ ತಿಳಿದದ್ದಲ್ಲ.
ಕತ್ತೆತ್ತಿ, ಜೇಡನ ಬಲೆ ಸರಿಸಿ,
ಮೀಟರು ಓದಿ ತಿಳಿದದ್ದು.

ಮುನಿಯಮ್ಮಜ್ಜಿಯ ಮನೆಗೆ ತಿಂಗಳಿಗೆ ಮೂವತ್ತೆಂಟು ಯೂನಿಟ್ಟು.
ಆ ಸಲ ಐವತ್ತೊಂದು.
“ಹಗಲೆಲ್ಲ ಫ್ಯಾನ್ ಹಾಕ್ಕೊಂಡು ಮಲಗಿರ್ತಾಳೆ ಕಣಮ್ಮ,
ಅಕೌಂಟ್ಸು ಎರಡನೇ ಸಲವೂ ಹೋಯ್ತು.
ಲಿಖಿತ ಅಂತ ಹೆಸರಿಟ್ಟೆವು ನೋಡು,
ಬರೆಯೋದೊಂದು ಬಿಟ್ಟು ಎಲ್ಲ ಬರುತ್ತೆ.”

“ಎಲ್ಲ ಅಂದರೆ?” ಅಂದೆ.
ಅಜ್ಜಿ ಒಳಗಿಂದ ಮಿಕ್ಸಿ ತಂದು ಮಗುಚಿಟ್ಟಳು.
ಸವೆದ ಕಪ್ಲರಿನ ಜಾಗದಲ್ಲಿ
ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ
ಎಂಟು ಹಲ್ಲು ಮಾಡಿ ಕೂರಿಸಿದ್ದಳು ಹುಡುಗಿ.
ಆರು ತಿಂಗಳಿಂದ ಆ ಮನೆಯ ಚಟ್ನಿ
ಚಪ್ಪಲಿಯ ಮೇಲೆ ತಿರುಗುತ್ತಿತ್ತು.

ನಾನು ಬುದ್ಧಿ ಹೇಳುವವಳಲ್ಲ.
ಬುದ್ಧಿಗೆ ಆ ಮನೆಯಲ್ಲಿ ಬರವೂ ಇರಲಿಲ್ಲ.
ಮಾವ ಬ್ಯೂಟಿ ಪಾರ್ಲರ್ ಅಂದಿದ್ದ,
ಅತ್ತೆ ಮಾಗಡಿಯಲ್ಲಿ ಗಂಡು ನೋಡಿದ್ದಳು.
ನನ್ನ ಹತ್ತಿರ ಇದ್ದದ್ದು ಒಂದು ಲೆಕ್ಕ:
ಎಷ್ಟೋ ಶೆಡ್ಡುಗಳ ಅಂಕಿ ಸೊನ್ನೆಗಿಳಿದ ವರ್ಷವೂ
ಇನ್ನಾಸಪ್ಪನವರದು ಇಳಿದಿರಲಿಲ್ಲ.
ಮೂರು ಲೇತು, ಒಂದು ಮಿಲ್ಲಿಂಗು,
ಗೋಡೆಗೆ ಆರೋಗ್ಯಮಾತೆಯ ಪಟ,
ಪಟಕ್ಕೂ ತೆಳ್ಳಗೆ ಎಣ್ಣೆಯ ಮಸಿ.

ಅವರು ಚಪ್ಪಲಿಯ ಚಕ್ರ ಬೆಳಕಿಗೆ ಹಿಡಿದು
ಬಹಳ ಹೊತ್ತು ತಿರುಗಿಸಿದರು.
“ಯಾವುದರಲ್ಲಿ ಕೊರೆದೆ?”
“ಬ್ಲೇಡು ಸರ್. ಮತ್ತೆ ಕೈವಾರದ ಮೊನೆ.”
“ಹಲ್ಲು ಹೇಗೆ ಸಮ ಬಂತು?”
“ಮೊದಲು ಕಾಗದದ ಚಕ್ರ ಮಾಡಿ ಮೂರು ಸಲ ಮಡಿಚಿದೆ.”

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.
“ಕೈ ಇದೆ ಇವಳಿಗೆ. ಆದರೆ ಇಲ್ಲಿ ಹೆಣ್ಣುಮಕ್ಕಳಿಗೆ ಕಕ್ಕಸಿಲ್ಲಮ್ಮ.
ನಾವೆಲ್ಲ ಆ ಗೋಡೆ ಕಡೆ ಹೋಗ್ತೀವಿ.”

ಐಟಿಐ ಅರ್ಜಿ ತುಂಬಿಯಾಗಿತ್ತು, ಟರ್ನರ್ ಟ್ರೇಡು.
ಅಜ್ಜಿಯ ಹಟ ಕರಗಿತ್ತು.
ಇಷ್ಟು ದೂರ ಬಂದ ದಾರಿ
ಒಂದು ಬಾಗಿಲಿಲ್ಲದೆ ನಿಂತಿತು.

ಬಾಗಿಲು ಎಲ್ಲಿದೆ ಅಂತ ನನಗೆ ಗೊತ್ತಿತ್ತು.
ಮೂರು ಶೆಡ್ಡು ಆಚೆ ಊದುಬತ್ತಿ ಪ್ಯಾಕಿಂಗು, ಇಪ್ಪತ್ತೆರಡು ಹೆಂಗಸರು.
ಹನ್ನೊಂದು ವರ್ಷದಿಂದ ಈ ರಸ್ತೆಗೆ ಬಂದಾಗ
ನಾನೂ ಓಡುವುದು ಅಲ್ಲಿಗೇ.
ಸೂಪರ್‌ವೈಸರ್ ಶಕೀಲಾಬಾನು ಇನ್ನೊಂದು ಕೀ ಮಾಡಿಸಿ
ಕಳೆಯದಿರಲಿ ಅಂತ ಕೆಂಪು ಬಳೆಗೆ ಕಟ್ಟಿ ಕೊಟ್ಟಳು.
ಅರವತ್ತು ರೂಪಾಯಿ. ನಾನೇ ಕೊಟ್ಟೆ.

ದುಪಟ್ಟಾ ಮನೆಯಲ್ಲಿ, ಜಡೆ ಟೋಪಿಯೊಳಗೆ.
ಮೊದಲ ಎರಡು ವಾರ ಸಿಪ್ಪೆ ಗುಡಿಸಿದ್ದೇ ಕೆಲಸ,
ಕಬ್ಬಿಣದ ಸಿಪ್ಪೆ, ಬಿಸಿಗೆ ನೀಲಿಗಟ್ಟಿದ ಸುರುಳಿ.
“ಕಸ ಬಳಿಯೋಕೆ ಅಲ್ಲಿವರೆಗೆ ಹೋಗಬೇಕಿತ್ತಾ?” ಅಜ್ಜಿ ರೇಗಿದಳು.
ಹೆಬ್ಬೆರಳು ಕುಯ್ದುಕೊಂಡ ದಿನ
ಲಿಖಿತ ನನಗೆ ಫೋನು ಮಾಡಿ ಏನೂ ಹೇಳಲಿಲ್ಲ,
ಲೇತಿನ ಸದ್ದು ಮಾತ್ರ ಕೇಳಿಸಿ ಇಟ್ಟುಬಿಟ್ಟಳು.

ಮೊನ್ನೆ ರೀಡಿಂಗಿಗೆ ಹೋದೆ. ಅರವತ್ತು ಯೂನಿಟ್ಟು ಜಾಸ್ತಿ.
ಇನ್ನಾಸಪ್ಪ ಬಿಲ್ಲು ದೂರ ಹಿಡಿದು ಗೊಣಗಿದರು:
“ಒಂದು ಶಾಫ್ಟಿಗೆ ಕೂದಲೆಳೆಯಷ್ಟು ಕಟ್ಟು, ಹತ್ತು ಸಲ.
ನಿಮ್ಮ ಹುಡುಗಿಗೆ ಕರೆಂಟು ಅವರಪ್ಪನ ಮನೆಯದು.”

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.
“ಬನ್ನಿ ಅಕ್ಕ,” ಎಂದು ವರ್ನಿಯರು ನನ್ನ ಕೈಗೆ ಕೊಟ್ಟು,
“ಮೇಲಿನ ಗೆರೆಗೆ ಕೆಳಗಿನ ಯಾವ ಗೆರೆ ಸರಿಯಾಗಿ ಕೂತಿದೆ, ಹೇಳಿ.”

ಅಂಕಿ ಓದಿಯೇ ಅನ್ನ ತಿಂದ ಕಣ್ಣು ನನ್ನದು.
ತಪ್ಪು ಹೇಳಿದೆ.
ಮತ್ತೆ ಹೇಳಿದೆ, ಅದೂ ತಪ್ಪು.

ಹೊರಗೆ ಇನ್ನೂ ನಲವತ್ತು ಮನೆ ಬಾಕಿ, ಬಿಸಿಲು ಏರುತ್ತಿತ್ತು.
ಮೀಟರಿನ ಕೆಳಗಿನ ಮೊಳೆಯಲ್ಲಿ ಕೆಂಪು ಬಳೆ.
“ಇನ್ನೊಂದ್ಸಲ ನೋಡಿ ಅಕ್ಕ,” ಅಂದಳು,
“ಅರ್ಜೆಂಟೇನಿಲ್ಲ.”